ಊರು ಬಿಟ್ಟವರ ತಲೆಗೆ ಪಾಪ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಈಚೆಗೆ ಕಾರವಾರದ ಹತ್ತಿರ ಒಂದು ಪ್ರಾರ್ಥನಾ ಕೂಟದಲ್ಲಿ ಪ್ರಸಂಗ ಮಾಡಿದವರೊಬ್ಬರು, ಊರು ಕಳೆದುಕೊಂಡವರು ತಮ್ಮ ಹಿರಿಯರ ಪಾಪ ಯಾವುದೆಂದು ಹುಡುಕಿಕೊಳ್ಳಲಿ, ಯೆಹೂದ್ಯರು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದದ್ದೂ ಹಾಗೆಯೇ ಎಂದರು. ಎದುರಿಗೆ ಕುಳಿತವರಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ನಿರಾಶ್ರಿತರೇ ಹೆಚ್ಚು. ತೋಡೂರಿನ ನಮ್ಮ ನೆರೆಮನೆಯ ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿಬಿಟ್ಟರು. ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುವವಳು ನಾನು, ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ಸೆರೆವಾಸ ದೇವರ ಶಿಕ್ಷೆ ಎಂದು ಗ್ರಂಥದಲ್ಲಿದೆ, ನಿಜ. ಆದರೆ ಯಾರಿಗೆ? ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಹಿಡಿದೊಯ್ದದ್ದು ಯೆಹೂದದ ಅರಸನನ್ನು, ಅಧಿಕಾರಿಗಳನ್ನು, ಯೋಧರನ್ನು, ಕಮ್ಮಾರರನ್ನು. ಉಳಿದವರು ಕಡುಬಡವರು ಮಾತ್ರ ಎಂದು ಎರಡನೆಯ ಅರಸುಗಳು 24 ಹೇಳುತ್ತದೆ. ಮುಂದೆ ಯೆರೂಸಲೇಮ್ ಸುಟ್ಟುಹೋದ ಮೇಲೂ ಏನೂ ಇಲ್ಲದವರಿಗೆ ಅಲ್ಲೇ ದ್ರಾಕ್ಷಿತೋಟ, ಹೊಲ ಸಿಕ್ಕಿತು. ಪ್ರವಾದಿ ಯೆರೆಮೀಯ ಗದರಿಸಿದ್ದು ಕೂಲಿ ಕೊಡದೆ ದುಡಿಸಿಕೊಂಡು ಅರಮನೆ ಕಟ್ಟಿದ ಯೆಹೂದದ ಅರಸ ಯೆಹೋಯಾಕೀಮನನ್ನು. ನಮ್ಮ ಕಡಲಂಚಿನಿಂದ ಎದ್ದುಬಂದವರು ಯಾರು? ರಂಪಣಿ ಬಲೆ ಎಳೆಯುತ್ತಿದ್ದವರು, ನಾಲ್ಕು ತೆಂಗು, ಒಂದು ತುಂಡು ಗದ್ದೆ ನೆಚ್ಚಿಕೊಂಡಿದ್ದವರು. ಇಲ್ಲಿ ಎಲ್ಲ ತಿರುಗುಮುರುಗಾಗಿದೆ.

ಹಿರಿಯರ ಪಾಪದ ಮಾತಿಗಂತೂ ಯೆಹೆಜ್ಕೇಲ 18ನೇ ಅಧ್ಯಾಯದಲ್ಲೇ ಉತ್ತರವಿದೆ. ಅಪ್ಪಂದಿರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿಯುತ್ತದೆ ಎಂಬ ಗಾದೆಯನ್ನು ಇನ್ನು ಆಡಲೇಬೇಡಿ ಎಂದು ದೇವರೇ ಸೆರೆಯವರಿಗೆ ಹೇಳಿದ. ಸೆರೆಹೋದವರಲ್ಲೊಬ್ಬನಾದ ದಾನಿಯೇಲ ಪಶ್ಚಾತ್ತಾಪಪಟ್ಟಾಗಲೂ ‘ನಾವು ಪಾಪ ಮಾಡಿದೆವು’ ಎಂದು ತನ್ನನ್ನೂ ಸೇರಿಸಿಕೊಂಡ, ಪಕ್ಕದವನತ್ತ ಬೆರಳು ತೋರಲಿಲ್ಲ. ಯೆರೂಸಲೇಮಿನ ಕೇಡು ಕಂಡು ಹಿಗ್ಗಿದ ನೆರೆನಾಡಿನ ಎದೋಮ್ಯರಿಗೆ ಏನಾಗುವುದೆಂದು ಓಬದ್ಯನ ಪುಸ್ತಕದಲ್ಲಿದೆ. ಒಂದೇ ಅಧ್ಯಾಯ, ಓದಲು ಐದು ನಿಮಿಷ ಸಾಕು.

ಶಿಕ್ಷೆಯ ಸುದ್ದಿ ಹೇಳಿದ ಅದೇ ಯೆರೆಮೀಯ ಸೆರೆಯವರಿಗೆ ಪತ್ರವನ್ನೂ ಬರೆದ. ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, 70 ವರ್ಷದ ಮೇಲೆ ಕರೆತರುತ್ತೇನೆ ಎಂದಿದ್ದಾನೆ ದೇವರು. ಆಕಾಶದ ಕಟ್ಟಕಡೆಗೆ ಚದುರಿಹೋಗಿದ್ದರೂ ತಿರುಗಿಕೊಂಡವರನ್ನು ಕೂಡಿಸುತ್ತೇನೆಂದು ಧರ್ಮೋಪದೇಶಕಾಂಡ 30ರಲ್ಲೂ ಇದೆ. ಇದನ್ನು ಬಿಟ್ಟು ಬರೀ ಶಿಕ್ಷೆಯನ್ನು ಸಾರುವುದು ದೇವರ ವಾಕ್ಯದ ಅರ್ಧವನ್ನಷ್ಟೇ ಹೇಳಿದಂತೆ.

ಆ ಬೋಧಕರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಕೂಟದಲ್ಲಿ ಯೆರೆಮೀಯ 22 ಮತ್ತು 29ನ್ನು ಪೂರ್ತಿ ಓದಿ: ಮೊದಲನೆಯದು ಕೂಲಿ ಹಿಡಿದಿಟ್ಟುಕೊಂಡವರಿಗೆ, ಎರಡನೆಯದು ನಮ್ಮ ನಿರಾಶ್ರಿತರ ಕಾಲೊನಿಯವರಿಗೆ.

– ಓದುಗಳೊಬ್ಬಳು, ತೋಡೂರು, ಕಾರವಾರ ತಾಲ್ಲೂಕು