ಪುಟ್ಟಿಯ ಕಾಲೇಜಿನ ವಿಷಯ

ನ್ಯೂಜೆರ್ಸಿ
ಡಿಸೆಂಬರ್ 20

ಪ್ರೀತಿಯ ಅಣ್ಣ, ಅತ್ತಿಗೆಗೆ ನಮಸ್ಕಾರ.

ಪುಟ್ಟಿಯ ಕಾಲೇಜು ಏನಾಯ್ತು ಅಂತ ಅಮ್ಮ ಕೇಳುತ್ತಲೇ ಇದ್ದಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಬರೆಯುವುದೇ ಸರಿ ಅನ್ನಿಸಿತು. ಸೀಟು ಸಿಕ್ಕಿಲ್ಲ, ಕೊಡುವುದಿಲ್ಲ ಅಂತಲೂ ಹೇಳಿಲ್ಲ. ಡಿಫರ್ ಮಾಡಿದ್ದಾರೆ. ಜನವರಿಯಲ್ಲಿ ಬರುವ ಅರ್ಜಿಗಳ ಜೊತೆ ಇವಳದನ್ನೂ ಇಟ್ಟು ಮತ್ತೆ ನೋಡುತ್ತಾರೆ. ಉತ್ತರ ಮಾರ್ಚ್ ಕೊನೆಗೆ.

ನಮ್ಮಲ್ಲಾದರೆ ಸಿಇಟಿ ರ‍್ಯಾಂಕ್ ಬಂದ ತಕ್ಷಣ ಹೋದ ವರ್ಷದ ಕಟಾಫ್ ನೋಡಿ ಅಂದಾಜು ಮಾಡಬಹುದು. ಇಲ್ಲಿ ಅಂಥ ಪಟ್ಟಿಯೇ ಇಲ್ಲ. ಮಾರ್ಕ್ಸ್, ಪ್ರಬಂಧ, ಟೀಚರ್‌ಗಳು ಬರೆದ ಪತ್ರ, ಶಾಲೆಯಾಚೆ ಮಾಡಿದ ಕೆಲಸ ಎಲ್ಲ ಸೇರಿಸಿ ನೋಡುತ್ತಾರೆ. ಎಷ್ಟು ಮಾರ್ಕ್ಸ್ ಕಡಿಮೆ ಆಯ್ತು ಅಂತ ಕೇಳಿದರೆ ಹೇಳಲು ಏನೂ ಇಲ್ಲ. ದಯವಿಟ್ಟು ಅವಳನ್ನೂ ಅದನ್ನು ಕೇಳಬೇಡಿ.

ಅವಳು ನವೆಂಬರ್‌ನಲ್ಲಿ ಹಾಕಿದ್ದು ಅರ್ಲಿ ಡಿಸಿಷನ್, ಅಂದರೆ ಒಂದೇ ಕಾಲೇಜಿಗೆ ಮುಂಚಿತವಾಗಿ ಹಾಕುವ ಅರ್ಜಿ. ಸೀಟು ಕೊಟ್ಟರೆ ಬಂದೇ ಬರುತ್ತೇನೆ ಅಂತ ಅವಳು, ನಾವು, ಶಾಲೆಯ ಕೌನ್ಸೆಲರ್ ಎಲ್ಲರೂ ಸಹಿ ಮಾಡಿದ್ದೆವು. ಡಿಫರ್ ಆದ ಮೇಲೆ ಆ ಮಾತಿಗೆ ಕಟ್ಟುಬೀಳಬೇಕಿಲ್ಲ. ಬೇರೆ ಕಾಲೇಜುಗಳ ಫೀಸು, ಸ್ಕಾಲರ್‌ಶಿಪ್ ಹೋಲಿಸಿ ನೋಡಬಹುದು. ನನಗಂತೂ ಇದು ದೊಡ್ಡ ಸಮಾಧಾನ.

ಈಗ ಮೊದಲ ಕೆಲಸ ಉಳಿದ ಅರ್ಜಿಗಳು. ಹೆಚ್ಚಿನ ಕಡೆ ಜನವರಿ ಮೊದಲ ವಾರವೇ ಕೊನೆ. ನಮ್ಮ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಆಗಲೇ ಹಾಕಿದ್ದಾಳೆ. ಇನ್ನೊಂದು ಕಾಲೇಜಿಗೆ ಅರ್ಲಿ ಡಿಸಿಷನ್ ಎರಡನೇ ಸುತ್ತಿನಲ್ಲಿ ಹಾಕಿ ಅಂತ ಕೆಲವರು ಹೇಳಿದರು. ಅದಕ್ಕೂ ಹೀಗೇ ಸಹಿ ಮಾಡಿಕೊಡಬೇಕು. ಮನಸ್ಸು ಪೂರ್ತಿ ಒಪ್ಪದ ಕಡೆ ಅವಸರದಲ್ಲಿ ಮಾತು ಕೊಡುವುದು ಬೇಡ ಅಂದೆ.

ಆಮೇಲೆ ಡಿಫರ್ ಮಾಡಿದ ಕಾಲೇಜಿಗೆ ಒಂದು ಪತ್ರ. ಕೆಲವು ಕಾಲೇಜುಗಳು ಏನೂ ಕಳಿಸಬೇಡಿ ಅನ್ನುತ್ತವೆ. ಎಂಐಟಿಯಂಥ ಕಡೆ ಫೆಬ್ರವರಿಯಲ್ಲಿ ತುಂಬಲು ಅವರದೇ ಫಾರಂ ಇದೆ. ಪುಟ್ಟಿಯ ಕಾಲೇಜು ಪತ್ರ ತೆಗೆದುಕೊಳ್ಳುತ್ತದೆ. ಒಂದು ಪುಟ ಸಾಕು. ಇಲ್ಲಿ ಓದುವ ಆಸೆ ಇನ್ನೂ ಇದೆ ಅಂತ ನೇರವಾಗಿ ಹೇಳಬೇಕು, ಮತ್ತೆ ನವೆಂಬರ್‌ನಿಂದ ಈಚೆಗೆ ಏನು ಹೊಸದು ಅಂತ. ಹಳೆಯ ಪ್ರಬಂಧವನ್ನೇ ತಿರುಗಿಸಿ ಬರೆದರೆ ಪ್ರಯೋಜನ ಇಲ್ಲ. ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡಲು ಶುರು ಮಾಡಿದ್ದಾಳೆ, ಅದನ್ನು ಬರೆಯುತ್ತಿದ್ದಾಳೆ. ಚೆನ್ನಾಗಿ ಬರೆದಿದ್ದಾಳೆ ಅಣ್ಣ, ಓದಿ ನನಗೆ ಕಣ್ಣು ತುಂಬಿತು. ಈ ಸೆಮಿಸ್ಟರ್‌ನ ಮಾರ್ಕ್ಸನ್ನು ಶಾಲೆಯವರೇ ಕಳಿಸುತ್ತಾರೆ. ಅದಕ್ಕೇ ಈಗ ಓದು ಬಿಡುವ ಹಾಗಿಲ್ಲ.

ನಿಮಗೆ ಗೊತ್ತಿರುವವರಿಂದ ಒಂದು ಮಾತು ಹೇಳಿಸಲಾ ಅಂತ ಕೇಳಿದಿರಿ. ಬೇಡ ಅಣ್ಣ. ಅವಳನ್ನು ತಿಳಿಯದವರು ಬರೆದದ್ದಕ್ಕೆ ಬೆಲೆ ಇಲ್ಲ. ಸೀಟು ಸಿಕ್ಕರೆ ಅದು ಅವಳದೇ ಆಗಿರಲಿ.

ಎಲ್ಲಿಗೆ ಅಂತ ಮೇ 1ರೊಳಗೆ ತೀರ್ಮಾನ ಮಾಡಬೇಕು. ಅಮ್ಮನಿಗೆ ಇಷ್ಟನ್ನು ಓದಿ ಹೇಳಿ. ಭಾನುವಾರ ಫೋನ್ ಮಾಡುತ್ತೇವೆ, ಕಾಲೇಜಿನ ಮಾತು ಅವಳೇ ಎತ್ತಲಿ. ಅತ್ತಿಗೆ, ಅವಳಿಗೆ ನಿಮ್ಮ ಹತ್ತಿರ ಹೋಳಿಗೆ ಮಾಡುವುದು ಕಲಿಯಬೇಕಂತೆ, ಅದನ್ನು ಮಾತಾಡಿ.

ನಿಮ್ಮ ಪ್ರೀತಿಯ ತಂಗಿ