ಸಿಇಟಿ ಗಣಿತ ಮುಗಿದ ಮೇಲೆ ಉತ್ತರ ತಾಳೆ ನೋಡುವ ಬಗ್ಗೆ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ಪೋಷಕರಿಗೆ,
ಮಂಗಳೂರು

ನಮಸ್ಕಾರ.

ಸಿಇಟಿಗೆ ಇನ್ನು ಒಂದು ವಾರವೂ ಇಲ್ಲ. ಹಾಲ್ ಟಿಕೆಟ್, ಪರೀಕ್ಷಾ ಕೇಂದ್ರ, ಬಸ್ಸಿನ ವಿಚಾರ ಎಲ್ಲ ವಾಟ್ಸಾಪ್ ಗುಂಪಿಗೆ ಆಗಲೇ ಹಾಕಿದ್ದೇವೆ. ಈ ಪತ್ರ ಬೇರೆ ವಿಷಯಕ್ಕೆ. ಗಣಿತ ಪತ್ರಿಕೆ ಮುಗಿಸಿ ಹೊರಗೆ ಬಂದ ಮಕ್ಕಳು ಮೊದಲು ಮಾಡುವ ಕೆಲಸ ಉತ್ತರ ತಾಳೆ ನೋಡುವುದು. ಎರಡನೆಯ ಕೆಲಸ ಎಷ್ಟು ಅಂಕ ಬರಬಹುದು ಅಂತ ಲೆಕ್ಕ ಹಾಕುವುದು. ಇವೆರಡೂ ಒಂದೇ ಅಲ್ಲ. ಅದನ್ನು ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು.

ತಾಳೆ ನೋಡಲೇಬೇಡಿ ಅಂತ ನಾನು ಮಕ್ಕಳಿಗೆ ಹೇಳಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ, ಆ ಮಾತು ಬೇರೆ. ಕಳೆದ ವಾರ ಕಾಲೇಜಿನಲ್ಲಿ ಕೊನೆಯ ಮಾದರಿ ಪರೀಕ್ಷೆ ಇತ್ತು. ಬೆಳಗ್ಗೆ ಗಣಿತ ಮುಗಿದದ್ದೇ, ಮೆಟ್ಟಿಲ ಹತ್ತಿರ ಏಳೆಂಟು ಮಕ್ಕಳ ಗುಂಪು ಸೇರಿತು. ಜಗಳ ಒಂದು ಪ್ರಶ್ನೆಯ ಮೇಲೆ. ಮೂರು ಬೈ ಮೂರರ ಮ್ಯಾಟ್ರಿಕ್ಸ್ (ಸಂಖ್ಯೆಗಳ ಚೌಕ) ಎ, ಅದರ ಡಿಟರ್ಮಿನೆಂಟ್, ಅಂದರೆ ಅದರಿಂದ ಲೆಕ್ಕ ಹಾಕಿ ತೆಗೆಯುವ ಒಂದು ಸಂಖ್ಯೆ, 5. ಎ ಮತ್ತು ಅದರ ಅಡ್‌ಜಾಯಿಂಟನ್ನು (ಎಯಿಂದಲೇ ಮಾಡಿಕೊಳ್ಳುವ ಇನ್ನೊಂದು ಮ್ಯಾಟ್ರಿಕ್ಸ್) ಗುಣಿಸಿದರೆ ಬರುವ ಮ್ಯಾಟ್ರಿಕ್ಸಿನ ಡಿಟರ್ಮಿನೆಂಟ್ ಎಷ್ಟು? ಒಬ್ಬ 25 ಅಂದ. ಇನ್ನೊಬ್ಬಳು 125 ಅಂದಳು. ಮೂರನೆಯವನದ್ದು 5. ಮೂವರ ಹತ್ತಿರವೂ ಕಾರಣ ಇತ್ತು. ಗಣಿತದ ಉಪನ್ಯಾಸಕರು ಅಲ್ಲೇ ನಿಂತಿದ್ದರು, ಬಾಯಿ ಬಿಡಲಿಲ್ಲ. ಆ ಹುಡುಗಿ ಪ್ರಶ್ನೆಪತ್ರಿಕೆಯ ಹಿಂದೆ ಬರೆದು ತೋರಿಸಿದಳು: ಗುಣಿಸಿದಾಗ ಬರುವುದು ಕರ್ಣದಲ್ಲಿ ಮೂರು 5, ಉಳಿದದ್ದೆಲ್ಲ ಸೊನ್ನೆ. ಹಾಗಾದರೆ ಐದೈದ್ಲಿ ಇಪ್ಪತ್ತೈದು, ಅದನ್ನು ಇನ್ನೊಂದು ಐದರಿಂದ ಗುಣಿಸಿದರೆ ನೂರಿಪ್ಪತ್ತೈದು. 25 ಅಂದವನು ತಲೆ ಚಚ್ಚಿಕೊಂಡ. "ಎಂತ ಮಾರಾಯ, ನಾನು ಅಡ್‌ಜಾಯಿಂಟಿಂದು ಮಾತ್ರ ತೆಗೆದದ್ದು!"

ಇನ್ನು ಅವನು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ನಮ್ಮ ಎರಡು ಪೀರಿಯಡ್‌ನಲ್ಲಿ ಆಗದ ಕೆಲಸ ಆ ಮೆಟ್ಟಿಲ ಮೇಲೆ ಐದು ನಿಮಿಷದಲ್ಲಿ ಆಯಿತು. ಇಂಥ ತಾಳೆ ನೋಡುವುದನ್ನು ನಾನು ಯಾಕೆ ನಿಲ್ಲಿಸಲಿ?

ಆದರೆ ಅದೇ ಗುಂಪಿನ ಅಂಚಿನಲ್ಲಿ ಇನ್ನೊಬ್ಬ ಇದ್ದ. ಅವನು ಒಂದು ಮಾತೂ ಆಡಲಿಲ್ಲ. ಬೇರೆಯವರು ಹೇಳುವ ಒಂದೊಂದು ಉತ್ತರಕ್ಕೂ ಬೆರಳು ಮಡಚುತ್ತಿದ್ದ. ಹೋದ ಪ್ರಶ್ನೆಗಳ ಲೆಕ್ಕ ಅದು. ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿದ. ಮಧ್ಯಾಹ್ನ ಜೀವಶಾಸ್ತ್ರದಲ್ಲಿ ನಾಲ್ಕು ಸುಲಭದ ಪ್ರಶ್ನೆ ತಪ್ಪಿಸಿಕೊಂಡ, ಅದೂ ಅವನಿಗೆ ಬಾಯಿಪಾಠ ಇರುವಂಥವು. ಗಣಿತದಲ್ಲಿ ಅವನು ಅಂದುಕೊಂಡಷ್ಟು ತಪ್ಪೂ ಆಗಿರಲಿಲ್ಲ.

ಸಿಇಟಿ ದಿನವೂ ಹೀಗೇ. ಗಣಿತ ಬೆಳಗ್ಗೆ 10.30ಕ್ಕೆ ಶುರು, 11.50ಕ್ಕೆ ಮುಗಿಯುತ್ತದೆ. ಜೀವಶಾಸ್ತ್ರ 2.30ಕ್ಕೆ. ನಡುವಿನ ಈ ಎರಡು ಗಂಟೆ ನಲವತ್ತು ನಿಮಿಷವೇ ನನಗೆ ಚಿಂತೆ. ಏಪ್ರಿಲ್ ಸೆಖೆಯಲ್ಲಿ ಗೇಟಿನ ಹೊರಗೆ ನೀವು ಕಾದು ನಿಂತಿರುತ್ತೀರಿ. ಮಗು ಕಂಡ ತಕ್ಷಣ "ಹೇಗಿತ್ತು, ಎಷ್ಟು ಬರ್ತದೆ?" ಅಂತ ಬಾಯಿಗೆ ಬಂದೇ ಬರುತ್ತದೆ. ಅದೊಂದು ಪ್ರಶ್ನೆ ಆ ಹೊತ್ತಿಗೆ ಬೇಡ. ಒಂದು ಬೊಂಡ ಕುಡಿಸಿ, ಊಟ ಮಾಡಿಸಿ, ನೆರಳಲ್ಲಿ ಕೂರಿಸಿ. ಪ್ರಶ್ನೆಪತ್ರಿಕೆ ನಿಮ್ಮ ಕೈಗೆ ತೆಗೆದುಕೊಂಡು ಬ್ಯಾಗಿಗೆ ಹಾಕಿಬಿಡಿ. ಫೋನೂ ನಿಮ್ಮಲ್ಲೇ ಇರಲಿ. ದುಬೈ, ಮಸ್ಕತ್‌ನಿಂದ ಕರೆ ಮಾಡುವ ಅಪ್ಪಂದಿರಿಗೂ ಇದೇ ಮಾತು. ಸಂಜೆ ಮಾಡಿದರೆ ಸಾಕು.

ಇನ್ನೊಂದು ಸಂಗತಿ ತುಂಬ ಪೋಷಕರಿಗೆ ಗೊತ್ತಿಲ್ಲ. ಸಿಇಟಿಯಲ್ಲಿ ಎಲ್ಲರಿಗೂ ಪ್ರಶ್ನೆಗಳು ಒಂದೇ, ಆದರೆ ಕ್ರಮ ಬೇರೆ ಬೇರೆ. ಅದಕ್ಕೇ ವರ್ಷನ್ ಕೋಡ್ ಇರುವುದು. ನಿಮ್ಮ ಮಗಳ 23ನೇ ಪ್ರಶ್ನೆ ಅವಳ ಗೆಳತಿಗೆ 41ನೆಯದಾಗಿರಬಹುದು. "23ಕ್ಕೆ ಬಿ ಅಂತೆ, ನಾನು ಸಿ ಹಾಕಿದೆ" ಅಂತ ಅಳುವುದರಲ್ಲಿ ಅರ್ಥವೇ ಇಲ್ಲ. ಪ್ರತಿ ವರ್ಷ ಇದೇ ಕಾರಣಕ್ಕೆ ಅಳುವವರು ಇರುತ್ತಾರೆ. ನಗುವ ವಿಷಯ ಅಲ್ಲ, ಆದರೂ ನಗು ಬರುತ್ತದೆ.

ಅಂದು ಸಂಜೆಯೇ ಕೋಚಿಂಗ್ ಸಂಸ್ಥೆಗಳ ಕೀ ಉತ್ತರ ಫೋನಿಗೆ ಬರಲು ಶುರುವಾಗುತ್ತದೆ. ಅವಸರದಲ್ಲಿ ಮಾಡಿದ್ದು ಅದು. ಎರಡು ಸಂಸ್ಥೆಗಳ ಕೀ ಪಕ್ಕಪಕ್ಕ ಇಟ್ಟು ನೋಡಿ, ಅಲ್ಲೇ ವ್ಯತ್ಯಾಸ ಸಿಗಬಹುದು. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ತಾತ್ಕಾಲಿಕ ಕೀ ಉತ್ತರ ಹಾಕುತ್ತದೆ. ಅದಕ್ಕೆ ಆಕ್ಷೇಪಣೆ ಸಲ್ಲಿಸಲು ಸಮಯ ಕೊಡುತ್ತದೆ. ಆಮೇಲೆ ಅಂತಿಮ ಕೀ. 2024ರಲ್ಲಿ ಏನಾಯಿತು ನೆನಪಿದೆ ಅಲ್ವಾ? ಏಪ್ರಿಲ್ 18 ಮತ್ತು 19ರಂದು ಪರೀಕ್ಷೆ. ಪಠ್ಯಕ್ರಮದಲ್ಲಿ ಇಲ್ಲದ ಪ್ರಶ್ನೆಗಳು ಬಂದವು ಅಂತ ದೊಡ್ಡ ಗಲಾಟೆ. ಕೊನೆಗೆ ನಾಲ್ಕು ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಪರೀಕ್ಷೆ ದಿನ ರಾತ್ರಿ ಕೂತು ಅರವತ್ತಕ್ಕೆ ಎಷ್ಟು ಅಂತ ಎಣಿಸಿದವರ ಲೆಕ್ಕವೆಲ್ಲ ಸುಮ್ನೆ ಹೋಯಿತು.

ಅಂಕ ಸರಿಯಾಗಿಯೇ ಎಣಿಸಿದಿರಿ ಅಂತಿಟ್ಟುಕೊಳ್ಳಿ. ಅದರಿಂದ ರ‍್ಯಾಂಕ್ ಗೊತ್ತಾಗುತ್ತದಾ? ಇಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಾಲು ಪಿಯುಸಿ ಅಂಕದ್ದು, ಅರ್ಧ ಸಿಇಟಿಯದ್ದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರಿ ಸಿಇಟಿಯಲ್ಲಿ 180 ಅಂಕ. ಆ 180 ನೂರರಲ್ಲಿ 50 ಆಗುತ್ತದೆ. ಅಂದರೆ ಗಣಿತದಲ್ಲಿ ಒಂದು ಪ್ರಶ್ನೆ ತಪ್ಪಿದರೆ ಹೋಗುವುದು ನೂರಕ್ಕೆ ಕಾಲು ಅಂಕಕ್ಕಿಂತ ಚೂರು ಜಾಸ್ತಿ. ಸಣ್ಣದು ಅಂತ ಹೇಳುತ್ತಿಲ್ಲ, ಮೇಲಿನ ರ‍್ಯಾಂಕುಗಳಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಆದರೆ ಮನೆಯಲ್ಲಿ ಮೂರು ದಿನ ಯಾರೂ ಸರಿಯಾಗಿ ಮಾತಾಡದಷ್ಟು ದೊಡ್ಡದಂತೂ ಅಲ್ಲ. ಪಕ್ಕದ ಮನೆಯ ಹುಡುಗನಿಗೆ 55 ಬರುತ್ತದಂತೆ ಅನ್ನುವ ಸುದ್ದಿಯನ್ನು ದಯವಿಟ್ಟು ಒಳಗೆ ತರಬೇಡಿ. ಏಪ್ರಿಲ್‌ನಲ್ಲಿ ಹೇಳುವ ಅಂಕ ಫಲಿತಾಂಶದ ದಿನ ಎಷ್ಟೋ ಸಲ ಇಳಿದಿರುತ್ತದೆ.

ಜೆಇಇ ಮೇನ್ (ಎಂಜಿನಿಯರಿಂಗ್‌ನ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ) ಬರೆದ ಮಕ್ಕಳ ಬಗ್ಗೆ ಒಂದು ಮಾತು. ಅಲ್ಲಿ ಪಾಳಿಗೊಂದು ಪ್ರಶ್ನೆಪತ್ರಿಕೆ. ಬೇರೆ ಪಾಳಿಯವರ ಅಂಕದ ಜೊತೆ ಹೋಲಿಸುವುದೇ ತಪ್ಪು, ಅದಕ್ಕೇ ಪರ್ಸೆಂಟೈಲ್, ಅಂದರೆ ತನ್ನ ಪಾಳಿಯಲ್ಲಿ ನೂರಕ್ಕೆ ಎಷ್ಟು ಜನರಿಗಿಂತ ಮುಂದಿದ್ದಾರೆ ಅನ್ನುವ ಲೆಕ್ಕ, ಕೊಡುವುದು. ಅಲ್ಲಿ ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ, ಸಿಇಟಿಯಲ್ಲಿ ಕಳೆಯುವುದಿಲ್ಲ. ಅಲ್ಲಿನ ಅಭ್ಯಾಸದಲ್ಲಿ ಇಲ್ಲಿಯೂ ಖಾಲಿ ಬಿಟ್ಟು ಬರುವವರಿದ್ದಾರೆ. ಒಂದು ಪ್ರಶ್ನೆಗೆ ಸಿಗುವುದೇ 80 ಸೆಕೆಂಡ್. ಗೊತ್ತಿಲ್ಲದ್ದಕ್ಕೂ ಕೊನೆಯಲ್ಲಿ ಒಂದನ್ನು ಶೇಡ್ ಮಾಡಿಯೇ ಬರಬೇಕು. ಇದನ್ನು ನೀವೂ ಒಮ್ಮೆ ನೆನಪಿಸಿ.

ಗಣಿತ ಮುಗಿದರೆ ಪರೀಕ್ಷೆಯೇ ಮುಗಿಯಿತು ಅನ್ನುವ ಪಿಸಿಎಂಸಿ ಮಕ್ಕಳು (ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು) ಅಂದೇ ಸಂಜೆ ಕೂತು ಚರ್ಚೆ ಮಾಡಲಿ, ನನ್ನ ಅಡ್ಡಿ ಇಲ್ಲ. ಉತ್ತರ ಹೇಗೆ ಬಂತು ಅಂತ ಮಾತಾಡಲಿ. ಒಟ್ಟು ಎಷ್ಟು ಅಂತ ಕೂಡಿಸುವುದು ಪ್ರಾಧಿಕಾರದ ಕೀ ಬಂದ ಮೇಲೆ. ಹಾಸ್ಟೆಲ್‌ನಲ್ಲಿರುವ ಮಕ್ಕಳಿಗೆ ಅಂದು ರಾತ್ರಿ ಊಟದ ಹಾಲ್‌ನಲ್ಲಿ ಅಂಕದ ಮಾತು ಬೇಡ ಅಂತ ವಾರ್ಡನ್‌ಗೆ ಹೇಳಿದ್ದೇನೆ. ಎಷ್ಟರ ಮಟ್ಟಿಗೆ ನಡೆಯುತ್ತದೋ ನೋಡೋಣ.

ಕೊಠಡಿಯಲ್ಲಿ ಓಎಂಆರ್‌ನ (ಉತ್ತರ ಶೇಡ್ ಮಾಡುವ ಹಾಳೆಯ) ಮೇಲಿನ ಹಾಳೆ ಇಟ್ಟುಕೊಂಡು, ಕೆಳಗಿನ ನಕಲು ಪ್ರತಿಯನ್ನು ಮಗುವಿಗೇ ಕೊಡುತ್ತಾರೆ. ಅದು ಬೆವರಿಗೆ ಒದ್ದೆಯಾಗದ ಹಾಗೆ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಡಿ. ತಾತ್ಕಾಲಿಕ ಕೀ ಬಂದ ಮರುದಿನ ಬೆಳಗ್ಗೆ 10ರಿಂದ ಗಣಿತ ವಿಭಾಗದ ಉಪನ್ಯಾಸಕರು ಕಂಪ್ಯೂಟರ್ ಲ್ಯಾಬಿನಲ್ಲಿ ಇರುತ್ತಾರೆ. ಪ್ರಶ್ನೆಪತ್ರಿಕೆ, ನಕಲು ಪ್ರತಿ ಎರಡನ್ನೂ ಮಕ್ಕಳು ತರಲಿ. ಯಾವುದಾದರೂ ಉತ್ತರ ತಪ್ಪು ಅನ್ನಿಸಿದರೆ, ಪುಸ್ತಕದ ಆಧಾರ ಇಟ್ಟು ಆಕ್ಷೇಪಣೆ ಹಾಕಲು ಅಲ್ಲೇ ಸಹಾಯ ಮಾಡುತ್ತೇವೆ. ನೀವೂ ಜೊತೆಗೆ ಬರಬಹುದು. ಬರುವವರು ಹಿಂದಿನ ದಿನವೇ ಕಚೇರಿಗೆ ಹೇಳಿದರೆ ಕುರ್ಚಿಗೆ ವ್ಯವಸ್ಥೆ ಮಾಡಬಹುದು.

ಇಂತಿ ನಿಮ್ಮ,
ಪ್ರಾಂಶುಪಾಲರು