ಸೇವಂತಿಗೆ ಎಲೆಯ ಬಿಳಿ ಗೆರೆ: ಔಷಧಿಗೆ ಮೊದಲು ಎಲೆ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುಟದಲ್ಲಿ ರಂಗೋಲಿ ಹುಳುವಿನ ಬಗ್ಗೆ ಬಂದ ಬರಹ ಓದಿದೆ. ಎಲೆ ಮೇಲೆ ಬಿಳಿ ಗೆರೆ ಕಂಡ ಕೂಡಲೇ ಔಷಧಿ ಹೊಡೆಯಿರಿ, ವಾರ ಬಿಟ್ಟು ಮತ್ತೆ ಹೊಡೆಯಿರಿ ಅಂತ ಅದರಲ್ಲಿದೆ. ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ ಸೇವಂತಿಗೆ, ಟೊಮೆಟೊ ಬೆಳೆಯುವವಳು. ಈ ಸಲಹೆಯಿಂದ ನಮ್ಮ ತೋಟಗಳಿಗೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಅದಕ್ಕೇ ಈ ಪತ್ರ.

ಈ ಗೆರೆ ಎಳೆಯುವುದು ಒಂದು ನೊಣದ ಮರಿ. ನೊಣ 2 ಮಿಲಿಮೀಟರ್ ಇದ್ದರೆ ಹೆಚ್ಚು. ಕಪ್ಪು, ಹಳದಿ ಬಣ್ಣ. ಹೆಣ್ಣು ನೊಣ ಎಲೆಯನ್ನು ಚುಚ್ಚಿ ರಸ ಹೀರುತ್ತದೆ, ಕೆಲವು ತೂತುಗಳಲ್ಲಿ ಮೊಟ್ಟೆ ಇಡುತ್ತದೆ. ಗಂಡಿಗೆ ಚುಚ್ಚಲು ಬರುವುದಿಲ್ಲ, ಹೆಣ್ಣು ಮಾಡಿದ ತೂತಿನಲ್ಲೇ ರಸ ನೆಕ್ಕಿಕೊಳ್ಳುತ್ತದೆ. ಮೊಟ್ಟೆಯೊಡೆದ ಮರಿ ಎಲೆಯ ಎರಡು ಪದರಗಳ ನಡುವೆಯೇ ಹಸಿರು ತಿನ್ನುತ್ತಾ ಸಾಗುತ್ತದೆ. ಮೊದಲು ನೂಲಿನಷ್ಟು ಸಣ್ಣ ಗೆರೆ. ಮರಿ ದಪ್ಪವಾದಂತೆ ಗೆರೆಯೂ ಅಗಲ. ಬಲಿತ ಮೇಲೆ ಎಲೆ ಸೀಳಿಕೊಂಡು ಕೆಳಗೆ ಉದುರಿ ಸಾಮಾನ್ಯವಾಗಿ ಮಣ್ಣಿನಲ್ಲಿ ಗೂಡಾಗುತ್ತದೆ. ನಮ್ಮ ಬಿಸಿಲಿಗೆ ಇಡೀ ಬದುಕು ಎರಡು ಮೂರು ವಾರದಲ್ಲಿ ಮುಗಿಯುತ್ತದೆ.

ಈಗ ಯೋಚನೆ ಮಾಡಿ. ಮರಿ ಎಲೆಯ ಒಳಗೆ, ಗೂಡು ಮಣ್ಣಿನೊಳಗೆ. ನಾವು ಔಷಧಿ ಹೊಡೆಯುವುದು ಎಲೆಯ ಮೇಲೆ. ಅಲ್ಲಿ ಓಡಾಡಿಕೊಂಡಿರುವವರು ಯಾರು? ಈ ಮರಿಗಳನ್ನೇ ಹುಡುಕಿಕೊಂಡು ಬರುವ ಪುಟ್ಟ ಕಣಜಗಳು. ನೊಣಕ್ಕಿಂತಲೂ ಚಿಕ್ಕವು. ಗೆರೆಯ ಮೇಲೆ ನಡೆದಾಡಿ, ಮರಿ ಎಲ್ಲಿದೆ ಅಂತ ಪತ್ತೆ ಮಾಡಿ, ಎಲೆಯ ಮೇಲಿಂದಲೇ ಚುಚ್ಚಿ ಮೊಟ್ಟೆ ಇಡುತ್ತವೆ. ಅವುಗಳ ಮರಿಗೆ ನೊಣದ ಮರಿಯೇ ಊಟ. ಸಿಕ್ಕಿದ ಹುಳವನ್ನೆಲ್ಲಾ ಕೊಲ್ಲುವ ಔಷಧಿ ಹೊಡೆದರೆ ಮೊದಲು ಸಾಯುವುದು ಈ ಕಣಜ. ಆಮೇಲೆ ನೊಣಕ್ಕೆ ತಡೆಯೇ ಇಲ್ಲ. ಹೊಡೆದಷ್ಟೂ ಗೆರೆ ಜಾಸ್ತಿ ಆಗುತ್ತಿದೆ ಅಂತ ನಮ್ಮೂರಲ್ಲಿ ಎಲ್ಲರೂ ದೂರುತ್ತಾರೆ. ಆಗದೇ ಇನ್ನೇನು?

ಎಲೆಯೊಳಗೆ ಇಳಿಯುವ ಔಷಧಿಗಳೂ ಇವೆ ನಿಜ. ಆದರೆ ಈ ನೊಣ ಔಷಧಿಗೆ ಒಗ್ಗಿಕೊಳ್ಳುವುದರಲ್ಲಿ ಜಗತ್ತಿನಲ್ಲೇ ಹೆಸರಾಗಿದೆ. ಅಮೆರಿಕದ ಫ್ಲೋರಿಡಾದಲ್ಲಿ ಸೇವಂತಿಗೆ ಮತ್ತು ತರಕಾರಿ ಬೆಳೆಗಾರರು ಒಂದಾದ ಮೇಲೊಂದು ಔಷಧಿ ಬದಲಿಸಿದರು. ಹೊಸದು ಬಂದ ಕೆಲವೇ ವರ್ಷಕ್ಕೆ ಅದೂ ಕೆಲಸಕ್ಕೆ ಬಾರದಂತಾಯಿತು. ಅಲ್ಲಿಂದ ನಾಟಿಗೆಂದು ಕಳಿಸಿದ ಸೇವಂತಿಗೆ ಕಡ್ಡಿಗಳ ಜೊತೆಯಲ್ಲೇ 1976ರಲ್ಲಿ ಈ ನೊಣ ಕೀನ್ಯಾ ಸೇರಿತು. ಹಾಲೆಂಡಿಗೂ ಬಂತು. ನಮ್ಮ ದೇಶದಲ್ಲಿ ಗೊತ್ತಾಗಿದ್ದು 1990ರ ದಶಕದ ಶುರುವಿನಲ್ಲಿ, ಹೈದರಾಬಾದ್ ಕಡೆಯ ಹರಳಿನ ಗಿಡದಲ್ಲಿ. ಈ ನೊಣದ ವೈಜ್ಞಾನಿಕ ಹೆಸರು ಲಿರಿಯೊಮೈಜಾ ಟ್ರೈಫೋಲಿ. ಸೇವಂತಿಗೆ, ಚೆಂಡುಹೂವು, ಜರ್ಬೆರಾ, ಸೂರ್ಯಕಾಂತಿ, ಮುಳ್ಳಿನ ಕುಸುಬೆ ಎಲ್ಲಾ ಒಂದೇ ಕುಟುಂಬದ ಗಿಡಗಳು. ಆ ಕುಟುಂಬ ಅಂದರೆ ಇದಕ್ಕೆ ಬಲು ಇಷ್ಟ. ಟೊಮೆಟೊ, ಹುರುಳಿಕಾಯಿ, ಸೌತೆ ಕೂಡ ಬಿಡುವುದಿಲ್ಲ.

ನಿಮ್ಮ ಬರಹ ಬಿಟ್ಟುಬಿಟ್ಟ ಒಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಹಾಲೆಂಡಿನವರು ಸೇವಂತಿಗೆಯನ್ನು ಕಡ್ಡಿ, ಎಲೆ ಸಮೇತ ಮಾರುತ್ತಾರೆ. ಎಲೆ ಮೇಲೆ ಗೆರೆ ಇದ್ದರೆ ಅವರಿಗೆ ಬೆಲೆ ಇಲ್ಲ. ನಾವು ಮಾರುವುದು ಬಿಡಿ ಹೂವು, ಕೆ.ಜಿ. ಲೆಕ್ಕ. ಮಾರುಕಟ್ಟೆಗೆ ಎಲೆ ಹೋಗುವುದೇ ಇಲ್ಲ! ಬಲಿತ ಗಿಡದ ಬುಡದ ಎಲೆಗಳಲ್ಲಿ ನಾಲ್ಕು ಗೆರೆ ಇದ್ದರೆ ಹೂವಿಗೆ ಏನೂ ಆಗುವುದಿಲ್ಲ. ಟೊಮೆಟೊದಲ್ಲೂ ಅಷ್ಟೇ, ಈ ಹುಳು ಕಾಯಿ ಮುಟ್ಟುವುದಿಲ್ಲ. ಎಳೆ ಸಸಿಗೆ ಬಿದ್ದರೆ, ಇಲ್ಲವೇ ಗಿಡದ ತುಂಬಾ ಹಬ್ಬಿದರೆ ಮಾತ್ರ ಪೆಟ್ಟು. ಪಾಲಕ್ ಬೆಳೆಯುವವರ ಕಷ್ಟ ಬೇರೆ, ಅವರು ಎಲೆಯನ್ನೇ ಮಾರಬೇಕು.

ಇನ್ನೊಂದು ವಿಷಯ. ಬರಹದ ಜೊತೆ ಹಾಕಿದ್ದ ಟೊಮೆಟೊ ಎಲೆಯ ಚಿತ್ರದಲ್ಲಿ ಗೆರೆ ಇರಲಿಲ್ಲ, ಅಗಲವಾಗಿ ಒಣಗಿದ ಮಚ್ಚೆಗಳಿದ್ದವು. ಅದು ಈ ನೊಣದ್ದಲ್ಲ. 2014ರಲ್ಲಿ ಮಹಾರಾಷ್ಟ್ರದಲ್ಲಿ ಮೊದಲು ಕಂಡು, ಆಮೇಲೆ ನಮ್ಮಲ್ಲಿಗೂ ಬಂದ ಟೂಟಾ ಪತಂಗದ ಕೆಲಸ. ಅದು ಕಾಯಿಯನ್ನೂ ಕೊರೆಯುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಔಷಧಿ ತಂದರೆ ದುಡ್ಡು ದಂಡ.

ನನ್ನ ಮೈದುನ ಹೋದ ಸಲ ಕ್ಯಾನ್ ತುಂಬಿಸಿಕೊಂಡೇ ನಿಂತಿದ್ದ. "ಅತ್ತಿಗೆ, ಅಂಗಡಿಯವರು ಇವತ್ತೇ ಹೊಡೀರಿ ಅಂದಿದಾರೆ" ಅಂದ. ಗೆರೆ ಬಿದ್ದ ಎಲೆಗಳನ್ನು ತೋಟದ ಮೂಲೆ ಮೂಲೆಯಿಂದ ಕಿತ್ತು ತರಲು ಹೇಳಿದೆ. ಬಿಸಿಲಿಗೆ ಹಿಡಿದು ಇಬ್ಬರೂ ನೋಡಿದೆವು. ಗೆರೆಯ ಅಗಲದ ತುದಿಯಲ್ಲಿ ಹಳದಿ ಮರಿ ಮಿಸುಕಾಡುತ್ತಿದ್ದರೆ ಅದು ಬದುಕಿದೆ. ಕಂದು ಬಣ್ಣಕ್ಕೆ ತಿರುಗಿ ಸುಕ್ಕಾಗಿದ್ದರೆ, ಇಲ್ಲವೇ ಪಕ್ಕದಲ್ಲಿ ಕಪ್ಪು ಗೂಡು ಇದ್ದರೆ ಕಣಜ ಬಂದಿದೆ ಅಂತ ಅರ್ಥ. ತುದಿಯಲ್ಲಿ ಸೀಳಿದ್ದು ಖಾಲಿಯಾಗಿದ್ದರೆ ಮರಿ ಆಗಲೇ ಹೊರಟು ಹೋಗಿದೆ, ಆ ಎಲೆಗೆ ಔಷಧಿ ಹೊಡೆದು ಏನು ಬಂತು? ನಮ್ಮ ಎಲೆಗಳಲ್ಲಿ ಹೆಚ್ಚಿನವು ಸತ್ತ ಮರಿಗಳೇ. ಮೈದುನ ಕ್ಯಾನನ್ನು ಹಾಗೇ ಎತ್ತಿಟ್ಟ. ಆ ಬೆಳೆಯ ಹೂವು ಚೆನ್ನಾಗಿಯೇ ಬಂತು.

ಬದುಕಿದ ಮರಿಗಳೇ ಜಾಸ್ತಿ ಕಂಡರೆ ಗೆರೆ ಬಿದ್ದ ಬುಡದ ಎಲೆಗಳನ್ನು ಕಿತ್ತು ತೋಟದಿಂದ ಆಚೆ ಹಾಕಿ. ಲೀಟರ್ ನೀರಿಗೆ 40 ಗ್ರಾಂ ಲೆಕ್ಕದಲ್ಲಿ ಬೇವಿನ ಬೀಜದ ಪುಡಿ ನೆನೆಸಿ, ಸೋಸಿ ಹೊಡೆಯಿರಿ. ನಾಟಿ ಹೊತ್ತಿಗೆ ಬುಡಕ್ಕೆ ಬೇವಿನ ಹಿಂಡಿ ಹಾಕುವುದನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಟೊಮೆಟೊಗೆ ಹೇಳಿಕೊಟ್ಟಿದ್ದಾರೆ. ನಾವೂ ಅದನ್ನೇ ಮಾಡುತ್ತಿದ್ದೇವೆ.

ತೋಟಗಾರಿಕೆ ಇಲಾಖೆಗೂ ನಿಮ್ಮ ಮೂಲಕ ಒಂದು ಕೋರಿಕೆ. ಫ್ಲೋರಿಡಾದಿಂದ ಕೀನ್ಯಾಕ್ಕೆ ನೊಣ ಹೋದ ದಾರಿ ನಮ್ಮ ನರ್ಸರಿಗಳಲ್ಲೂ ತೆರೆದೇ ಇದೆ. ಟ್ರೇಯಲ್ಲಿ ಬರುವ ಸಸಿಯಲ್ಲೇ ಚುಕ್ಕಿ, ಗೆರೆ ಇರುವುದನ್ನು ನಾವು ನೋಡುತ್ತಿದ್ದೇವೆ. ಸಸಿ ಮಾರುವ ಮೊದಲು ಎಲೆ ಪರೀಕ್ಷೆ ಆಗಬೇಕು. ರೈತರೂ ಅಂಥ ಟ್ರೇ ವಾಪಸ್ ಕೊಡಬೇಕು, ಸುಮ್ನೆ ತಂದು ನೆಡಬಾರದು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಕೃಷಿ ಪುಟದಲ್ಲಿ ಎರಡು ಎಲೆಗಳ ಚಿತ್ರ ದೊಡ್ಡದಾಗಿ ಹಾಕಿ: ಒಂದರಲ್ಲಿ ಬದುಕಿದ ಮರಿ, ಇನ್ನೊಂದರಲ್ಲಿ ಕಣಜ ಕೊಂದ ಮರಿ. ನಾಟಿ ಮುಗಿದು ಔಷಧಿ ಅಂಗಡಿಗೆ ಓಡಾಟ ಶುರುವಾಗುವ ಮೊದಲೇ ಅದು ಬಂದರೆ ಒಳ್ಳೆಯದು.

ಇತಿ,
ಒಬ್ಬ ಸೇವಂತಿಗೆ ಬೆಳೆಗಾರ್ತಿ
ಚಿಕ್ಕಬಳ್ಳಾಪುರ ತಾಲ್ಲೂಕು